ದಾವಣಗೆರೆಗೆ ಹೊಸದಾಗಿ ಬಂದವರನ್ನು ಬರಮಾಡಿಕೊಳ್ಳುವುದು ಹೇಗೆ: ಓಣಿಯ ಬಳಗಕ್ಕೊಂದು ಸಮಗ್ರ ಮಾರ್ಗದರ್ಶಿ

ಸೇವಾ ಸಂಘ ಅಂದ ಕೂಡಲೇ ನಮ್ಮೂರಲ್ಲಿ ಕಣ್ಣಿಗೆ ಬರುವುದು ಬ್ಯಾನರು, ಕಂಬಳಿ, ಬ್ರೆಡ್ಡು-ಹಣ್ಣು, ಆಮೇಲೆ ಎಂಟು ಜನ ಸೇರಿ ಒಬ್ಬರ ಕೈಗೆ ಅದನ್ನು ಕೊಡುತ್ತಿರುವ ಫೋಟೊ. ಊರಿಗೆ ಹೊಸದಾಗಿ ಬಂದಿಳಿದ ಕುಟುಂಬಕ್ಕೆ ಇದರಿಂದ ಎರಡು ದಿನ ನಡೆಯಬಹುದು. ಮೂರನೇ ದಿನ ಮಗುವಿಗೆ ಜ್ವರ ಬಂದರೆ ಎಲ್ಲಿಗೆ ಹೋಗಬೇಕು, ಮೇಸ್ತ್ರಿ ಕೂಲಿ ಹಿಡಿದಿಟ್ಟುಕೊಂಡರೆ ಯಾರನ್ನು ಕೇಳಬೇಕು, ದೊಡ್ಡ ಮಗಳನ್ನು ಯಾವ ಶಾಲೆಗೆ ಸೇರಿಸಬೇಕು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಊರಲ್ಲಿ ಗುರುತಿನವರು ಒಬ್ಬರೂ ಇಲ್ಲ, ಕಷ್ಟದ ಮೂಲವೇ ಅದು. ಆದ್ದರಿಂದ ಈ ಮಾರ್ಗದರ್ಶಿ ಏನೇನು ಹಂಚಬೇಕು ಅನ್ನುವುದಕ್ಕಿಂತ ಹೆಚ್ಚಾಗಿ ಜೊತೆಯಲ್ಲಿ ಯಾವ ಯಾವ ಬಾಗಿಲಿಗೆ ಹೋಗಬೇಕು ಅನ್ನುವುದನ್ನು ಹೇಳುತ್ತದೆ. ಐದಾರು ಜನ ಸಮಾನ ಮನಸ್ಕರು, ಒಂದೆರಡು ಬೈಕು, ವಾರಕ್ಕೆ ಅರ್ಧ ದಿನ ಬಿಡುವು ಇದ್ದರೆ ಇಷ್ಟನ್ನೂ ಮಾಡಬಹುದು.

ಮೊದಲು: ಬರುತ್ತಿರುವವರು ಯಾರು?

ನಿರಾಶ್ರಿತರು ಅಂದರೆ ದೇಶದ ಗಡಿ ದಾಟಿ ಬಂದವರು ಎಂದಷ್ಟೇ ಅಂದುಕೊಂಡರೆ ದಾವಣಗೆರೆಯಲ್ಲಿ ನಿಮಗೆ ಕೆಲಸವೇ ಇರುವುದಿಲ್ಲ. ಇಲ್ಲಿಗೆ ಬರುವವರಲ್ಲಿ ಬಹುಪಾಲು ಜನ ನಮ್ಮ ದೇಶದವರೇ. ಕಟ್ಟಡದ ಕೆಲಸಕ್ಕೆ ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ಸಂಸಾರ ಸಮೇತ ಬರುತ್ತಾರೆ. ಬಿಹಾರ, ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳ, ಅಸ್ಸಾಂನವರು ರೈಸ್ ಮಿಲ್ಲು, ಹೋಟೆಲು, ಟೈಲ್ಸ್, ಸೆಂಟ್ರಿಂಗ್ ಕೆಲಸಕ್ಕೆ ಮೊದಲು ಗಂಡಸರು ಬಂದು, ವರ್ಷದೊಳಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುತ್ತಾರೆ. ಮಳೆ ಕೈಕೊಟ್ಟ ವರ್ಷ ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಂದಲೂ ಜನ ಇಲ್ಲಿಗೆ ಬರುವುದುಂಟು. ಬರ, ನೆರೆ, ಸಾಲ, ಜಗಳ, ಹೀಗೆ ಯಾವುದೋ ಒಂದು ಅವರನ್ನು ಹೊರಡಿಸಿರುತ್ತದೆ.

ಇದರ ಇನ್ನೊಂದು ಮಗ್ಗುಲೂ ನಮ್ಮ ಜಿಲ್ಲೆಯಲ್ಲೇ ಇದೆ. ನಮ್ಮ ಲಂಬಾಣಿ ತಾಂಡಾಗಳ ಜನ ಕಾಫಿ ತೋಟಕ್ಕೆ, ಕಬ್ಬು ಕಡಿಯಲು ಹೋಗುವವರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಬುಡಕಟ್ಟಿನವರೂ ಇದ್ದರು. ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’ ಕಾರ್ಯಾಚರಣೆಯಲ್ಲಿ ಅವರನ್ನು ಕರೆತರಲಾಯಿತು. ಬಳಗಕ್ಕೆ ಜನ ಸೇರಿಸುವಾಗ ‘ಹೊರಗಿನವರಿಗೆಲ್ಲ ಯಾಕ್ರಿ ಇಷ್ಟು?’ ಎಂದು ಕೇಳುವವರು ಸಿಕ್ಕೇ ಸಿಗುತ್ತಾರೆ. ಈ ಸಂಗತಿ ಅವರಿಗೆ ಹೇಳಲು ಇಟ್ಟುಕೊಳ್ಳಿ. ಇನ್ನೂ ಬೇಕಿದ್ದರೆ ಟಿಬೆಟನ್ನರ ವಿಷಯ ಹೇಳಿ. ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲೇ ಅವರು ನೆಲೆಯೂರಿದ್ದರು. ಮುಂಡಗೋಡಿನ ಶಿಬಿರ ಶುರುವಾದದ್ದು 1966ರಲ್ಲಿ, ಆಗ ಮುಖ್ಯಮಂತ್ರಿ ಆಗಿದ್ದವರು ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಚಳಿಗಾಲಕ್ಕೆ ನಮ್ಮ ಊರುಗಳಲ್ಲಿ ಸ್ವೆಟರ್ ಹರಡಿಕೊಂಡು ಕೂರುವ ಟಿಬೆಟನ್ನರನ್ನು ಈಗ ಯಾರೂ ಹೊರಗಿನವರು ಅನ್ನುವುದಿಲ್ಲ.

ಹೆಜ್ಜೆ 1: ಬಳಗ ಕಟ್ಟುವುದು

ದೊಡ್ಡದಾಗಿ ಕಟ್ಟಬೇಡಿ. ಅಧ್ಯಕ್ಷ, ಗೌರವಾಧ್ಯಕ್ಷ, ಸಂಚಾಲಕ ಎಂದು ಲೆಟರ್‌ಹೆಡ್ ಮಾಡಿಸುವುದರಲ್ಲೇ ಆರು ತಿಂಗಳು ಕಳೆದ ಸಂಘಗಳು ಊರ ತುಂಬ ಇವೆ. ಮೊದಲಿಗೆ ಬೇಕಾದವರು ಇಷ್ಟೇ: ಹಿಂದಿ ಅಥವಾ ಉರ್ದು ಚೆನ್ನಾಗಿ ಬಲ್ಲ ಒಬ್ಬರು, ಸರ್ಕಾರಿ ಶಾಲೆಯ ಒಳಹೊರಗು ಗೊತ್ತಿರುವ ಒಬ್ಬರು (ನಿವೃತ್ತ ಮೇಷ್ಟ್ರು ಸಿಕ್ಕರೆ ಅದೃಷ್ಟ), ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಅಥವಾ ಆಶಾ ಕಾರ್ಯಕರ್ತೆಯ ಪರಿಚಯ ಇರುವ ಒಬ್ಬರು, ಲೆಕ್ಕ ಬರೆಯುವ ಒಬ್ಬರು. ಇವರಲ್ಲಿ ಇಬ್ಬರಾದರೂ ಹೆಂಗಸರಿರಲೇಬೇಕು. ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಶೆಡ್ಡಿನ ಬಾಗಿಲಿಗೆ ಗಂಡಸರೇ ಹೋಗಿ ನಿಂತರೆ ಒಳಗಿನಿಂದ ಉತ್ತರವೇ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ನೋಂದಣಿಯ ತಲೆಬಿಸಿ ಈಗಲೇ ಬೇಡ. ಹೊರಗಿನವರಿಂದ ಹಣ ಎತ್ತುವ ಹಂತಕ್ಕೆ ಬಂದಾಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಸಂಘ ಮಾಡಬಹುದು. ಅದಕ್ಕೆ ಕನಿಷ್ಠ 7 ಜನ ಬೇಕು. ವಿದೇಶದಲ್ಲಿರುವ ಅಳಿಯ, ಭಾವಮೈದ ಡಾಲರ್ ಕಳಿಸುತ್ತೇನೆ ಅಂದಾಗ ಮಾತ್ರ ಎಚ್ಚರ. ಅವರು ಈಗ ಅಲ್ಲಿನ ಪೌರರಾಗಿದ್ದರೆ ಅದು ವಿದೇಶಿ ದೇಣಿಗೆ ಆಗುತ್ತದೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ.

ಫೋಟೊದ ನಿಯಮವನ್ನು ಮೊದಲ ಸಭೆಯಲ್ಲೇ ಮಾಡಿ: ಕೊಡುವಾಗ ಫೋಟೊ ಇಲ್ಲ, ಮಕ್ಕಳ ಮುಖ ಎಲ್ಲಿಯೂ ಇಲ್ಲ. ಇದಕ್ಕೆ ಒಪ್ಪದವರು ಒಳ್ಳೆಯವರೇ ಇರಬಹುದು, ಆದರೆ ಅವರಿಗೆ ಬೇರೆ ಸಂಘಗಳಿವೆ.

ಹೆಜ್ಜೆ 2: ಹುಡುಕಿಕೊಂಡು ಹೋಗುವುದು

ನೀವು ಕಚೇರಿ ತೆರೆದು ಕೂತರೆ ಅವರು ಬರುವುದಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ ಕೂಲಿಯವರು ಸೇರುವ ಸರ್ಕಲ್ಲುಗಳಲ್ಲಿ ಒಂದು ವಾರ ಸುಮ್ಮನೆ ಟೀ ಕುಡಿಯುತ್ತಾ ನಿಂತರೆ ಅರ್ಧ ವಿಷಯ ತಿಳಿಯುತ್ತದೆ. ಹೊಸ ಬಡಾವಣೆಗಳಲ್ಲಿ ಕಟ್ಟುತ್ತಿರುವ ಮನೆಗಳ ಪಕ್ಕದ ತಗಡಿನ ಶೆಡ್ಡು, ಕರೂರು ಕೈಗಾರಿಕಾ ಪ್ರದೇಶದ ಸುತ್ತಮುತ್ತ, ಎಪಿಎಂಸಿ ಹಿಂಭಾಗ, ಮಂಡಕ್ಕಿ ಭಟ್ಟಿಗಳಿರುವ ಓಣಿ, ಇವನ್ನೆಲ್ಲ ಒಂದು ಸುತ್ತು ಹಾಕಿ. ಮೆಕ್ಕೆಜೋಳ ಮಾರುಕಟ್ಟೆಗೆ ಬರುವ ಕಾಲದಲ್ಲಿ ಎತ್ತಿಳಿಸುವ ಕೆಲಸ ಹೆಚ್ಚು. ಆಗ ಹೊಸ ಮುಖಗಳೂ ಹೆಚ್ಚು.

ನಿಜವಾದ ಸುದ್ದಿ ಸಿಗುವುದು ಮೂಲೆಯ ಕಿರಾಣಿ ಅಂಗಡಿಯಲ್ಲಿ. ಯಾರು ಹೊಸದಾಗಿ ಬಂದರು, ಯಾರ ಮನೆಯಲ್ಲಿ ಕೂಸಿದೆ, ಯಾರು ಉದ್ರಿ ಕೇಳಲು ಸಂಕೋಚಪಡುತ್ತಿದ್ದಾರೆ, ಅಂಗಡಿಯವರಿಗೆ ಎಲ್ಲ ಗೊತ್ತು. ನಿಮ್ಮ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಕನ್ನಡ, ಹಿಂದಿ ಎರಡರಲ್ಲೂ ಬರೆದು ಅಲ್ಲಿ ಅಂಟಿಸಿ.

ಮೊದಲ ಭೇಟಿಯಲ್ಲಿ ಕೇಳಬಾರದ ಪ್ರಶ್ನೆಗಳಿವೆ: ಯಾವ ಜಾತಿ, ಯಾವ ಧರ್ಮ, ಆಧಾರ್ ತೋರಿಸಿ. ಕೇಳಬಹುದಾದ್ದು: ಊಟ ಆಯ್ತಾ, ಮಕ್ಕಳೆಷ್ಟು, ನೀರು ಎಲ್ಲಿಂದ ತರ್ತೀರಿ. ನೀರಿನ ಪ್ರಶ್ನೆಯೊಂದರಿಂದಲೇ ಬಹಳ ಗೊತ್ತಾಗುತ್ತದೆ. ದಾವಣಗೆರೆಯಲ್ಲಿ ನಲ್ಲಿ ನೀರು ಬರುವ ದಿನ, ಹೊತ್ತು ಓಣಿಯಿಂದ ಓಣಿಗೆ ಬೇರೆ. ಅದು ಗೊತ್ತಿಲ್ಲದ ಹೊಸಬರು ಸಿಕ್ಕ ಬೋರ್‌ವೆಲ್ ನೀರನ್ನೇ ಕುಡಿದು ಮಕ್ಕಳಿಗೆ ಭೇದಿ ತರಿಸಿಕೊಳ್ಳುತ್ತಾರೆ. ಹತ್ತಿರದ ಶುದ್ಧ ಕುಡಿಯುವ ನೀರಿನ ಘಟಕ ತೋರಿಸಿ, ನಾಣ್ಯ ಹೇಗೆ ಹಾಕಬೇಕು ಹೇಳಿಕೊಡಿ, ಒಂದು 20 ಲೀಟರಿನ ಕ್ಯಾನು ಕೊಡಿ. ಮೊದಲ ದಿನ ಕೊಡುವ ವಸ್ತುಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಹೆಜ್ಜೆ 3: ಮೊದಲ ವಾರದ ಸಾಮಾನು

ಮುಚ್ಚಳ ಇರುವ ಬಕೆಟ್ಟು, ಸೊಳ್ಳೆ ಪರದೆ, ಹೊದಿಕೆ, ಎರಡು ಪಾತ್ರೆ, ಸೋಪು, ಓಆರ್‌ಎಸ್ ಪೊಟ್ಟಣ, ಹೆಂಗಸರಿಗೆ ಪ್ಯಾಡು, ಒಂದು ನೋಟ್‌ಬುಕ್ಕು, ಪೆನ್ನು. ನೋಟ್‌ಬುಕ್ಕು ಯಾಕೆಂದು ಮುಂದೆ ಹೇಳುತ್ತೇನೆ. ಹಳೆ ಬಟ್ಟೆ ಕೊಡುವುದಾದರೆ ತೊಳೆದು ಇಸ್ತ್ರಿ ಮಾಡಿಸಿ. ಗುಂಡಿ ಕಿತ್ತ ಅಂಗಿ, ಜಿಪ್ ಹೋದ ಪ್ಯಾಂಟನ್ನು ಯಾರಾದರೂ ತಂದುಕೊಟ್ಟರೆ ಮುಲಾಜಿಲ್ಲದೆ ವಾಪಸ್ ಕೊಡಿ. ಅಕ್ಕಿ ಕೊಡುವ ಮೊದಲು ಏನು ತಿನ್ನುತ್ತಾರೆ ಕೇಳಿ. ಬಿಹಾರದ ಕಡೆಯವರಿಗೆ ಗೋಧಿ ಹಿಟ್ಟು ಬೇಕು. ರಾಯಚೂರಿನವರಿಗೆ ಜೋಳದ ಹಿಟ್ಟು ಸಿಕ್ಕರೆ ಮುಖ ಅರಳುತ್ತದೆ.

ಅಡುಗೆಗೆ ಸೌದೆ ಒಲೆಯ ಹೊಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಕೂರುವುದು ಕೂಸಿರುವ ಮನೆಗೆ ಒಳ್ಳೆಯದಲ್ಲ. ದೊಡ್ಡ ಸಿಲಿಂಡರ್‌ ಕನೆಕ್ಷನ್‌ಗೆ ವಿಳಾಸದ ದಾಖಲೆ ಕೇಳುತ್ತಾರೆ, ಅದು ಇವರ ಹತ್ತಿರ ಇರುವುದಿಲ್ಲ. ಆದರೆ 5 ಕೆಜಿಯ ಸಣ್ಣ ಸಿಲಿಂಡರ್ ಇದೆ. ಇಂಡೇನ್ ಅದನ್ನು ‘ಛೋಟು’ ಎಂದು ಮಾರುತ್ತದೆ. ಅದಕ್ಕೆ ಗುರುತಿನ ಚೀಟಿ ಒಂದಿದ್ದರೆ ಸಾಕು. ಬೀದಿಬದಿಯ ಅಂಗಡಿಯಲ್ಲಿ ಕಳ್ಳತನದಿಂದ ತುಂಬಿಸಿ ಕೊಡುವ ಸಿಲಿಂಡರ್ ಮಾತ್ರ ಬೇಡವೇ ಬೇಡ.

ಒಲೆ ಹೊತ್ತುವವರೆಗೆ ಇಂದಿರಾ ಕ್ಯಾಂಟೀನ್ ಇದೆ. ಅಲ್ಲಿಗೆ ದಾರಿ ಬರೆದುಕೊಡಬೇಡಿ. ಒಮ್ಮೆ ಕರೆದುಕೊಂಡು ಹೋಗಿ, ಜೊತೆಗೆ ಕೂತು ನೀವೂ ಉಣ್ಣಿ.

ಹೆಜ್ಜೆ 4: ರೇಷನ್, ಅಂದರೆ ಹೆಬ್ಬೆಟ್ಟಿನ ಕಥೆ

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ: ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಬಿಹಾರದ ಕಾರ್ಡ್ ಇದ್ದವರೂ ದಾವಣಗೆರೆಯ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ತೆಗೆದುಕೊಳ್ಳಬಹುದು. ಆದ್ಯತಾ ಕುಟುಂಬದ ಕಾರ್ಡಿಗೆ ಆಹಾರ ಭದ್ರತಾ ಕಾಯ್ದೆಯ ಲೆಕ್ಕ ತಲಾ 5 ಕೆಜಿ, ಅದೂ ಉಚಿತ. ಕರ್ನಾಟಕ ಸರ್ಕಾರ ತನ್ನ ಕಾರ್ಡುದಾರರಿಗೆ ಮೇಲೆ ಕೊಡುವುದು ಹೊರ ರಾಜ್ಯದ ಕಾರ್ಡಿಗೆ ಸಿಗುವುದಿಲ್ಲ, ಆ ಆಸೆ ಹುಟ್ಟಿಸಬೇಡಿ. ಕಾರ್ಡಿನ ಮೂಲ ಪ್ರತಿ ಕೈಯಲ್ಲಿ ಇರಬೇಕೆಂದಿಲ್ಲ. ಕಾರ್ಡ್ ನಂಬರ್ ಅಥವಾ ಆಧಾರ್ ನಂಬರ್ ಸಾಕು. ಅಂಗಡಿಗೆ ಹೋಗುವವರ ಆಧಾರ್ ಆ ಕಾರ್ಡಿಗೆ ಜೋಡಣೆ ಆಗಿರಬೇಕು ಅಷ್ಟೆ. ಊರಲ್ಲಿ ಉಳಿದ ಅಪ್ಪ ಅಮ್ಮ ಅದೇ ಕಾರ್ಡಿನಲ್ಲಿದ್ದರೆ ಮೊದಲು ಅವರಿಗೆ ಫೋನ್ ಮಾಡಿಸಿ. ಇಲ್ಲಿ ಎಲ್ಲರ ಪಾಲನ್ನೂ ಎತ್ತಿಬಿಟ್ಟರೆ ಅಲ್ಲಿ ಮುದುಕರು ಚೀಲ ಹಿಡಿದು ಬರಿಗೈಯಲ್ಲಿ ವಾಪಸಾಗುತ್ತಾರೆ. ಅವರವರ ಪಾಲು ಅಲ್ಲೊಂದಿಷ್ಟು ಇಲ್ಲೊಂದಿಷ್ಟು ತೆಗೆದುಕೊಳ್ಳಲು ಅವಕಾಶ ಇದೆ.

ಕಾಗದದಲ್ಲಿ ಇಷ್ಟು ಸಲೀಸು. ಅಂಗಡಿಯಲ್ಲಿ ನಡೆಯುವುದು ಬೇರೆ. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಕೆಂಪು ದೀಪ. ಮತ್ತೆ ಇಟ್ಟರೆ ಮತ್ತೆ ಕೆಂಪು. ಸಿಮೆಂಟು ಕಲಸಿ, ಇಟ್ಟಿಗೆ ಹೊತ್ತು ಬೆರಳಿನ ಗೆರೆಗಳೇ ಸವೆದಿರುತ್ತವೆ. ಹಿಂದಿನ ಸಾಲಿನವರು ‘ಬೇಗ ಬೇಗ’ ಅನ್ನುತ್ತಾರೆ, ಅಂಗಡಿಯವರು ‘ನಿಮ್ದು ಬರಲ್ಲ, ನಿಮ್ಮೂರಿಗೇ ಹೋಗ್ರಿ’ ಅಂದುಬಿಡುತ್ತಾರೆ. ಆ ಹೆಂಗಸು ಮತ್ತೆ ಆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ.

ಇದಕ್ಕೆ ಉಪಾಯ ಸುಲಭದ್ದು, ಆದರೆ ಜೊತೆಗೆ ಒಬ್ಬರು ನಿಂತು ಹೇಳಬೇಕು. ಹಿಂದಿನ ರಾತ್ರಿ ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಮಲಗಲಿ. ಬೆಳಿಗ್ಗೆ ಬಿಸಿ ನೀರು, ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿಕೊಳ್ಳಲಿ. ಎಣ್ಣೆ ಪಸೆ ಉಳಿದರೂ ಯಂತ್ರ ಒಪ್ಪುವುದಿಲ್ಲ. ಗಾಜನ್ನೂ ಒಮ್ಮೆ ಬಟ್ಟೆಯಿಂದ ಒರೆಸಿ. ಹೆಬ್ಬೆಟ್ಟು ಬರದಿದ್ದರೆ ತೋರುಬೆರಳು, ನಡುಬೆರಳು, ಎಡಗೈ, ಹತ್ತರಲ್ಲಿ ಯಾವುದಾದರೂ ಒಂದು ಸಾಮಾನ್ಯವಾಗಿ ಬರುತ್ತದೆ. ಯಾವ ಬೆರಳು ಬಂತು ಅನ್ನುವುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ, ಮುಂದಿನ ತಿಂಗಳು ನೇರ ಅದನ್ನೇ ಇಡಬಹುದು. ಕೂಲಿ ಕೆಲಸಕ್ಕೆ ಹೋಗದ ಮಕ್ಕಳ ಹೆಸರು ಕಾರ್ಡಿನಲ್ಲಿದ್ದು ಆಧಾರ್ ಬಯೋಮೆಟ್ರಿಕ್ ಆಗಿದ್ದರೆ ಅವರ ಬೆರಳು ತಕ್ಷಣ ಹಿಡಿಯುತ್ತದೆ. ಏನು ಮಾಡಿದರೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಹೊಸದಾಗಿ ಮಾಡಿಸುವುದು ಒಂದು ದಾರಿ. ಅಂಗಡಿಯವರು ಸುಮ್ಮಸುಮ್ಮನೆ ಕೊಡುವುದಿಲ್ಲ ಅಂದರೆ ಪಡಿತರ ಸಹಾಯವಾಣಿ 1967ಕ್ಕೆ ಕರೆ ಮಾಡಿ ಅಥವಾ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ. ಅಂಗಡಿಯವರ ಜೊತೆ ಮೊದಲೇ ಜಗಳಕ್ಕೆ ನಿಲ್ಲಬೇಡಿ. ನಾಳೆ ಆ ಕುಟುಂಬ ಒಂಟಿಯಾಗಿ ಹೋಗಬೇಕಾದ್ದು ಅದೇ ಅಂಗಡಿಗೆ.

ಹೆಜ್ಜೆ 5: ಮಕ್ಕಳು

ಎಲ್ಲಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಕೊಡಿ. ಶಾಲೆಗೆ ಹೋಗದ ಮಗು ಮೂರೇ ತಿಂಗಳಲ್ಲಿ ಕೆಲಸಕ್ಕೆ ಹತ್ತಿರುತ್ತದೆ: ತಮ್ಮನನ್ನು ಎತ್ತಿಕೊಳ್ಳುವುದು, ನೀರು ತರುವುದು, ಆಮೇಲೆ ಭಟ್ಟಿ, ಗ್ಯಾರೇಜು, ಹೋಟೆಲು. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. 2016ರ ತಿದ್ದುಪಡಿಯ ನಂತರ 18ರವರೆಗಿನವರನ್ನು ಅಪಾಯಕಾರಿ ಕೆಲಸಕ್ಕೆ ಇಟ್ಟುಕೊಳ್ಳುವುದೂ ಅಪರಾಧವೇ.

ಹತ್ತಿರದ ಸರ್ಕಾರಿ ಶಾಲೆಗೆ ಅಪ್ಪ ಅಥವಾ ಅಮ್ಮನ ಜೊತೆ ಹೋಗಿ. ಮುಖ್ಯ ಶಿಕ್ಷಕರು ಸಾಮಾನ್ಯವಾಗಿ ಹೇಳುವ ಮೂರು ಮಾತುಗಳಿವೆ, ಮೂರಕ್ಕೂ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಉತ್ತರ ಇದೆ.

‘ಟಿಸಿ ಇಲ್ಲ’ ಅಂದರೆ: ಟಿಸಿ ತಡವಾಯಿತು ಅನ್ನುವ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ, ಸೆಕ್ಷನ್ 5 ಓದಿ.

‘ಜನನ ಪ್ರಮಾಣಪತ್ರ ತನ್ನಿ’ ಅಂದರೆ: ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ಸೆಕ್ಷನ್ 14.

‘ಜೂನ್‌ನಲ್ಲಿ ಬನ್ನಿ’ ಅಂದರೆ: ಅವಧಿ ಮುಗಿದ ಮೇಲೂ ಸೇರಿಸಿಕೊಳ್ಳಬೇಕು, ಸೆಕ್ಷನ್ 15.

ಹತ್ತು ವರ್ಷದ ಹುಡುಗನಿಗೆ ಅಕ್ಷರ ಬರುವುದಿಲ್ಲ ಎಂದು ಒಂದನೇ ತರಗತಿಯಲ್ಲಿ ಕೂರಿಸುವುದೂ ತಪ್ಪು. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದದ್ದನ್ನು ವಿಶೇಷ ತರಬೇತಿಯಿಂದ ತುಂಬಿಕೊಡಬೇಕು ಎನ್ನುತ್ತದೆ ಸೆಕ್ಷನ್ 4. ಇದನ್ನೆಲ್ಲ ಕಾನೂನು ಪುಸ್ತಕ ಹಿಡಿದು ಗದರಿಸುವ ಧಾಟಿಯಲ್ಲಿ ಹೇಳಬೇಡಿ. ‘ಮೇಡಂ, ದಾಖಲೆ ನಾವು ತರಿಸಿಕೊಡ್ತೀವಿ, ಮಗು ನಾಳೆಯಿಂದ ಬರ್ಲಿ’ ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಸರ್ಕಾರಿ ಶಾಲೆಗಳಿಗೂ ಮಕ್ಕಳು ಬೇಕಾಗಿವೆ. ಒಪ್ಪದಿದ್ದರೆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಅವರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ). ದಾವಣಗೆರೆಯಲ್ಲಿ ಉತ್ತರ ವಲಯ, ದಕ್ಷಿಣ ವಲಯ ಎಂದು ಎರಡು ಬಿಇಒ ಕಚೇರಿಗಳಿವೆ, ನಿಮ್ಮ ಓಣಿ ಯಾವುದಕ್ಕೆ ಸೇರುತ್ತದೆ ಎಂದು ಮೊದಲೇ ತಿಳಿದಿಟ್ಟುಕೊಳ್ಳಿ.

ಯಾವ ಮಾಧ್ಯಮ? ಉರ್ದು ಬಲ್ಲ ಮನೆಯವರಿಗೆ ಊರಲ್ಲಿ ಸರ್ಕಾರಿ ಉರ್ದು ಶಾಲೆಗಳೂ ಇವೆ, ಆಯ್ಕೆ ಅವರದು. ನನ್ನನ್ನು ಕೇಳಿದರೆ ಇಲ್ಲೇ ಎರಡು ಮೂರು ವರ್ಷ ಇರುವ ಮನಸ್ಸಿದ್ದವರ ಸಣ್ಣ ಮಕ್ಕಳಿಗೆ ಕನ್ನಡ ಶಾಲೆಯೇ ಸರಿ. ನಲಿ-ಕಲಿ ತರಗತಿಯಲ್ಲಿ ಚಿತ್ರ, ಹಾಡು, ಗುಂಪು ಇರುವುದರಿಂದ ಭಾಷೆ ಬಾರದ ಮಗು ಮೂಲೆ ಹಿಡಿಯುವುದು ಕಡಿಮೆ. ದೀಪಾವಳಿ ಹೊತ್ತಿಗೆ ಆ ಮಗುವೇ ಮನೆಯವರಿಗೆಲ್ಲ ದುಭಾಷಿ ಆಗಿರುತ್ತದೆ. ಆ ಕೆಲಸವನ್ನು ಅತಿಯಾಗಿ ಅದರ ತಲೆಗೆ ಕಟ್ಟಬೇಡಿ. ಅಮ್ಮನ ಹೊಟ್ಟೆನೋವನ್ನು ಡಾಕ್ಟರಿಗೆ ಹೇಳಲು ಎಂಟು ವರ್ಷದ ಹುಡುಗಿಯನ್ನು ಶಾಲೆ ಬಿಡಿಸಿ ಕರೆದೊಯ್ಯುವುದು ಸರಿಯಲ್ಲ.

ಆರು ವರ್ಷದೊಳಗಿನವರಿಗೆ ಅಂಗನವಾಡಿ. ಅಲ್ಲಿಗೆ ಒಮ್ಮೆ ಹೆಸರು ಸೇರಿದರೆ ಕೂಸಿನ ತೂಕ, ಪೌಷ್ಟಿಕ ಆಹಾರ, ಲಸಿಕೆ, ಬಸುರಿಗೆ ಮಧ್ಯಾಹ್ನದ ಊಟ ಎಲ್ಲವೂ ಒಂದೇ ಬಾಗಿಲಿನಿಂದ ಶುರುವಾಗುತ್ತವೆ.

ಕಳೆದುಹೋದ, ಒಂಟಿಯಾಗಿ ರೈಲಿನಲ್ಲಿ ಬಂದ, ಹೊಡೆಸಿಕೊಂಡ ಮಗು ಕಂಡರೆ ನೀವೇ ಮನೆಗೆ ಕರೆದೊಯ್ಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಅವರು ಬರುವವರೆಗೆ ಜೊತೆಯಲ್ಲಿ ಕೂತಿರಿ.

ಹೆಜ್ಜೆ 6: ಆಸ್ಪತ್ರೆ

ಹತ್ತಿರದ ‘ನಮ್ಮ ಕ್ಲಿನಿಕ್’ ಅಥವಾ ನಗರ ಆರೋಗ್ಯ ಕೇಂದ್ರ ಮೊದಲು, ದೊಡ್ಡದಕ್ಕೆ ಚಿಗಟೇರಿ ಜಿಲ್ಲಾ ಆಸ್ಪತ್ರೆ. ಆಟೊದವರಿಗೆ ‘ಸಿ.ಜಿ. ಆಸ್ಪತ್ರೆ’ ಅಂದರೆ ಸಾಕು, ಈ ಎರಡು ಅಕ್ಷರಗಳನ್ನು ಮನೆಯವರಿಗೆಲ್ಲ ಬಾಯಿಪಾಠ ಮಾಡಿಸಿ. ಆಂಬ್ಯುಲೆನ್ಸಿನ 108 ಕೂಡ.

ಬಸುರಿ ಇದ್ದರೆ ತಡ ಮಾಡಬೇಡಿ, ಆ ವಾರವೇ ಆಶಾ ಕಾರ್ಯಕರ್ತೆಯನ್ನು ಭೇಟಿ ಮಾಡಿಸಿ ತಾಯಿ ಕಾರ್ಡ್ ಮಾಡಿಸಿ. ಊರಲ್ಲಿ ಮಾಡಿಸಿದ ಹಳೆ ಕಾರ್ಡ್ ಹಿಂದಿಯಲ್ಲೋ ಬಂಗಾಳಿಯಲ್ಲೋ ಇದ್ದರೆ ಅದನ್ನು ಎಸೆಯದೆ ತರಬೇಕು. ಎಷ್ಟು ಟಿಡಿ (ಮೊದಲು ಟಿಟಿ ಅನ್ನುತ್ತಿದ್ದದ್ದು) ಚುಚ್ಚುಮದ್ದು ಆಗಿದೆ, ರಕ್ತ ಎಷ್ಟಿದೆ ಎನ್ನುವ ಅಂಕಿಗಳು ಎಲ್ಲ ಲಿಪಿಯವರಿಗೂ ಅರ್ಥವಾಗುತ್ತವೆ. ಮಕ್ಕಳ ಲಸಿಕೆಯದೂ ಹಾಗೆಯೇ. 6, 10, 14ನೇ ವಾರದ್ದು ಆಗಿ, 9ನೇ ತಿಂಗಳ ದಡಾರ-ರುಬೆಲ್ಲಾ ತಪ್ಪಿರುವುದು ಊರು ಬಿಟ್ಟ ಕುಟುಂಬಗಳಲ್ಲಿ ಸಾಮಾನ್ಯ. ಎರಡು ವಾರ ಮೀರಿದ ಕೆಮ್ಮು ಯಾರಿಗಿದ್ದರೂ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಔಷಧಿ ಸರ್ಕಾರದಲ್ಲಿ ಉಚಿತ, ಊರು ಬದಲಿಸಿದರೂ ಮುಂದುವರಿಸಬಹುದು.

ಹೆಜ್ಜೆ 7: ಕೂಲಿ, ಮತ್ತು ಆ ನೋಟ್‌ಬುಕ್ಕು

ಕೂಲಿ ವಂಚನೆ ನಡೆದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಏನು ದಾಖಲೆ ಇದೆ?’ ಏನೂ ಇರುವುದಿಲ್ಲ. ಮೇಸ್ತ್ರಿಯ ಹೆಸರು ‘ರಾಜಣ್ಣ’, ನಂಬರ್ ಸ್ವಿಚ್ ಆಫ್. ಅದಕ್ಕೇ ನೋಟ್‌ಬುಕ್ಕು. ಪ್ರತಿದಿನ ರಾತ್ರಿ ನಾಲ್ಕು ಕಲಂ ತುಂಬಿಸಲಿ: ತಾರೀಖು, ಎಲ್ಲಿ ಕೆಲಸ, ಎಷ್ಟು ಹೊತ್ತು, ಎಷ್ಟು ದುಡ್ಡು ಬಂತು. ಮುಂಗಡ ತೆಗೆದುಕೊಂಡದ್ದು ಕೆಂಪು ಇಂಕಿನಲ್ಲಿ. ಹಿಂಬದಿಯ ರಟ್ಟಿನಲ್ಲಿ ಮೇಸ್ತ್ರಿಯ ಪೂರ್ತಿ ಹೆಸರು, ಗುತ್ತಿಗೆದಾರನ ಹೆಸರು, ಕಟ್ಟಡದ ಮಾಲೀಕರ ಹೆಸರು, ಮೂವರ ನಂಬರು. ಬರೆಯಲು ಬಾರದವರು ಮೊಬೈಲಿನಲ್ಲಿ ದಿನಾ ಕೆಲಸದ ಜಾಗದ ಒಂದು ಫೋಟೊ ತೆಗೆದುಕೊಂಡರೂ ತಾರೀಖು, ಹೊತ್ತು ಅದರಲ್ಲಿ ಉಳಿಯುತ್ತದೆ.

ದುಡ್ಡು ಸಿಗದಿದ್ದರೆ ಮೊದಲು ಮೇಸ್ತ್ರಿಗೆ ನೀವೇ ಒಂದು ಫೋನ್ ಮಾಡಿ, ಮರ್ಯಾದೆಯಿಂದ: ‘ರಾಜಣ್ಣಾರೇ, ಇವರ ಲೆಕ್ಕ ಬಾಕಿ ಇದೆಯಂತಲ್ರಿ, ಯಾವತ್ತು ಮುಗಿಸ್ತೀರಿ?’ ಸ್ಥಳೀಯರೊಬ್ಬರು ಕೇಳುತ್ತಿದ್ದಾರೆ ಅನ್ನುವುದೇ ಅರ್ಧ ಕೆಲಸ ಮಾಡುತ್ತದೆ. ಆಗದಿದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214, ಕಾರ್ಮಿಕ ನಿರೀಕ್ಷಕರ ಕಚೇರಿ. ಅಲ್ಲಿಯೂ ನಿಧಾನವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಫೋನ್ 15100. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ವಕೀಲರು ಉಚಿತ. ಮುಂಗಡ ತೀರುವವರೆಗೆ ಹೊರಗೆ ಹೋಗಲು ಬಿಡುವುದಿಲ್ಲ, ಫೋನ್ ಕಿತ್ತುಕೊಂಡಿದ್ದಾರೆ ಎಂಬ ಮಾತು ಕಿವಿಗೆ ಬಿದ್ದರೆ ಅದು ಕೂಲಿ ತಗಾದೆಯಲ್ಲ, ಜೀತ. 1976ರ ಕಾಯ್ದೆ ಅದನ್ನು ರದ್ದು ಮಾಡಿದೆ. ನೀವು ಗೋಡೆ ಹಾರಿ ಬಿಡಿಸಲು ಹೋಗದೆ ನೇರ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಬರಹದಲ್ಲಿ ತಿಳಿಸಿ.

ಕಟ್ಟಡ ಕೆಲಸದವರು 18ರಿಂದ 60 ವಯಸ್ಸಿನೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು, ಹೊರ ರಾಜ್ಯದವರಾದರೂ ಸರಿ. ಆ 90 ದಿನದ ಲೆಕ್ಕ ಹೇಳಲೂ ನೋಟ್‌ಬುಕ್ಕು ನೆರವಾಗುತ್ತದೆ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡನ್ನೂ ಆಗಲೇ ಮಾಡಿಸಿಬಿಡಿ, ಅದು ಉಚಿತ. ಸೈಬರ್ ಸೆಂಟರಿನವರು ಇನ್ನೂರು ಮುನ್ನೂರು ಕೇಳಿದರೆ ಕೊಡಬೇಡಿ.

ಹೆಜ್ಜೆ 8: ಬಾಡಿಗೆ, ಬ್ಯಾಂಕು, ಬಸ್ಸು

ಮನೆ ಮಾಲೀಕರು ಹೊಸಬರಿಗೆ ಮನೆ ಕೊಡಲು ಹಿಂಜರಿಯುತ್ತಾರೆ. ಬಳಗದ ಒಬ್ಬರು ಜೊತೆಗೆ ಹೋಗಿ ಪರಿಚಯ ಮಾಡಿಸಬಹುದು. ಜಾಮೀನು ಮಾತ್ರ ನಿಲ್ಲಬೇಡಿ. ಅಡ್ವಾನ್ಸ್ ಕೊಟ್ಟದ್ದಕ್ಕೆ ಚೀಟಿ ಬರೆಸಿಕೊಳ್ಳಿ, ಕರೆಂಟ್ ಮೀಟರಿನ ಅಂದಿನ ರೀಡಿಂಗ್ ಫೋಟೊ ತೆಗೆದಿಡಿ. ಬೆಸ್ಕಾಂ ಬಿಲ್ಲಿನ ಹಳೆ ಬಾಕಿ ಹೊಸಬರ ತಲೆಗೆ ಬರುವುದು ಇಲ್ಲಿಯೇ.

ಬ್ಯಾಂಕ್ ಖಾತೆಗೆ ಆಧಾರ್‌ನಲ್ಲಿ ಊರಿನ ವಿಳಾಸ ಇದ್ದರೂ ಈಗಿನ ವಿಳಾಸವನ್ನು ಸ್ವಯಂ ಘೋಷಣೆ ಮಾಡಿ ಕೊಡಬಹುದು. ಬ್ಯಾಂಕಿನವರು ಗೊಣಗಿದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕು ಹೆಚ್ಚು ತಾಳ್ಮೆಯದು.

ಬಸ್ಸಿನ ವಿಷಯ ಚಿಕ್ಕದು, ಆದರೆ ಅವಮಾನ ತಪ್ಪಿಸುತ್ತದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ನಿವಾಸಿ ಹೆಂಗಸರಿಗೆ ಮಾತ್ರ. ಪಕ್ಕದ ಮನೆಯಾಕೆ ಟಿಕೆಟ್ ಇಲ್ಲದೆ ಹೋದಳು ಎಂದು ಒಡಿಶಾದಿಂದ ಬಂದವಳೂ ಸುಮ್ಮನೆ ಕೂತರೆ ತಪಾಸಣೆಯವರು ಬಂದಾಗ ಎಲ್ಲರೆದುರು ಮಾತು ಕೇಳಬೇಕಾಗುತ್ತದೆ. ಮೊದಲೇ ಹೇಳಿ. ರಾಯಚೂರು, ಕಲಬುರಗಿಯವರಿಗೆ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇದ್ದರೆ ಉಚಿತವೇ.

ದಾರಿ ಹೇಳುವಾಗ ನಕ್ಷೆ ಬೇಡ. ದಾವಣಗೆರೆ ನಡೆಯುವುದು ಗುರುತುಗಳ ಮೇಲೆ: ಜಯದೇವ ಸರ್ಕಲ್, ರಾಂ ಅಂಡ್ ಕೋ ಸರ್ಕಲ್, ಅಶೋಕ ಟಾಕೀಸ್ ಗೇಟ್, ಅರುಣಾ ಟಾಕೀಸ್. ಭಾನುವಾರ ಒಂದು ಸುತ್ತು ನಡೆಸಿಕೊಂಡು ಬನ್ನಿ. ದಾರಿಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ಕೊಡಿಸುವುದನ್ನು ಖರ್ಚಿನ ಲೆಕ್ಕಕ್ಕೆ ಬರೆಯಬೇಡಿ.

ಹೆಜ್ಜೆ 9: ಕನ್ನಡ

ಅ ಆ ಇ ಈ ಇಂದ ಶುರು ಮಾಡಬೇಡಿ. ದಿನ ಪೂರ್ತಿ ದುಡಿದವರು ರಾತ್ರಿ ಎಂಟಕ್ಕೆ ಸ್ಲೇಟು ಹಿಡಿಯುವುದಿಲ್ಲ. ಬೇಕಾದ ಮಾತಿನಿಂದ ಶುರು ಮಾಡಿ: ‘ಎಷ್ಟ್ರಿ?’, ‘ಚಿಲ್ರೆ ಇಲ್ಲ’, ‘ನಿಲ್ಸಿ, ಇಳೀತೀನಿ’, ‘ಕೂಸಿಗೆ ಜ್ವರ ಬಂದೈತೆ’, ‘ಇವತ್ತಿಂದು ದುಡ್ಡು ಕೊಟ್ಟಿಲ್ಲ’, ‘ನೀರು ಯಾವಾಗ ಬರ್ತದೆ?’ ಹೆಂಗಸರಿಗೆ ಹೇಳಿಕೊಡುವುದಾದರೆ ನಲ್ಲಿಯ ಹತ್ತಿರವೇ ಒಳ್ಳೆಯ ಜಾಗ. ಕೊಡ ತುಂಬುವ ಹೊತ್ತಿನಲ್ಲಿ ಓಣಿಯ ಹೆಂಗಸರೇ ಕಲಿಸಿಬಿಡುತ್ತಾರೆ. ನೀವು ಮಾಡಬೇಕಾದ್ದು ಪರಿಚಯ ಮಾಡಿಸಿ ದೂರ ನಿಲ್ಲುವುದು. ಅವರನ್ನು ‘ಅಕ್ಕಾ’, ‘ಅಣ್ಣಾ’ ಎಂದೇ ಕರೆಯಿರಿ. ‘ಏಯ್ ಹಿಂದಿ’ ಎಂದು ಕೂಗುವ ಅಭ್ಯಾಸ ಕೆಲವು ಕಡೆ ಇದೆ, ಕೇಳಿದಾಗ ತಿದ್ದಿ.

ಹೊರದೇಶದವರಾಗಿದ್ದರೆ

ಇದು ಅಪರೂಪ, ಆದರೆ ಎಚ್ಚರದ ವಿಷಯ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ವಿದೇಶಿಯರ ಕಾನೂನೇ ಅವರಿಗೂ ಅನ್ವಯ. ನೇಪಾಳದವರ ಮಾತು ಬೇರೆ, 1950ರ ಒಪ್ಪಂದದಿಂದಾಗಿ ಅವರು ವೀಸಾ ಇಲ್ಲದೆ ಬಂದು ದುಡಿಯಬಹುದು. ಬೇರೆ ದೇಶದವರಿಗೆ ಮನೆ ಅಥವಾ ರೂಮು ಕೊಟ್ಟವರು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು; ಜಿಲ್ಲೆಯಲ್ಲಿ ಆ ಕೆಲಸ ಎಸ್‌ಪಿ ಕಚೇರಿಯಲ್ಲಿ ನಡೆಯುತ್ತದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಕಾರ್ಡ್ ಯಾರಾದರೂ ತೋರಿಸಿದರೆ ನೀವು ಅರ್ಥ ಮಾಡಿಕೊಳ್ಳಲು ಹೋಗದೆ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಬಳಿ ಕರೆದೊಯ್ಯಿರಿ. ಹಸಿದವರಿಗೆ ಊಟ, ಕಾಯಿಲೆಯವರಿಗೆ ಆಸ್ಪತ್ರೆ, ಅದಕ್ಕೆ ಯಾರ ಅನುಮತಿಯೂ ಬೇಡ.

ಇನ್ನು ಬಂಗಾಳಿ ಮಾತಾಡುವವರೆಲ್ಲ ಬಾಂಗ್ಲಾದವರು ಎಂಬ ಗುಸುಗುಸು. ಮಾಲ್ದಾ, ಮುರ್ಷಿದಾಬಾದ್ ಪಶ್ಚಿಮ ಬಂಗಾಳದ ಜಿಲ್ಲೆಗಳು, ಅಲ್ಲಿನವರು ನಮ್ಮ ನಿಮ್ಮಂತೆ ಮತ ಹಾಕುವವರು. ಪೌರತ್ವ ಪರೀಕ್ಷಿಸುವುದು ಪೊಲೀಸರ ಕೆಲಸ, ನಿಮ್ಮದಲ್ಲ, ಓಣಿಯ ಹುಡುಗರದ್ದಂತೂ ಅಲ್ಲವೇ ಅಲ್ಲ. ಅವರ ಆಧಾರ್ ಪ್ರತಿಗಳನ್ನು ನಿಮ್ಮ ಮೊಬೈಲಿನಲ್ಲಿ ಕೂಡಿಡಬೇಡಿ. ಎಲ್ಲಾದರೂ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಕೊಡಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿಗೆ ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಅಮಾಯಕರ ಜೀವ ಹೋಯಿತು. ನಿಮ್ಮ ಓಣಿಯ ಗ್ರೂಪಿನಲ್ಲಿ ಅಂಥದ್ದು ಬಂದ ಕ್ಷಣವೇ ಉತ್ತರ ಹಾಕಿ, ‘ಅವರು ನಮಗೆ ಪರಿಚಯದವರು, ಇಂಥ ಕಡೆ ಕೆಲಸ ಮಾಡ್ತಾರೆ’ ಎಂದು. ಗುಂಪು ಸೇರುವಂತೆ ಕಂಡರೆ ತಡ ಮಾಡದೆ ಪೊಲೀಸರ ತುರ್ತು ನಂಬರ್ 112ಕ್ಕೆ ಕರೆ ಮಾಡಿ.

ಎಷ್ಟು ದಿನ ಜೊತೆಗಿರಬೇಕು?

ಮೊದಲ ವಾರ ದಿನಾ, ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಅವರು ಕರೆದಾಗ. ಮೂರು ತಿಂಗಳಾದ ಮೇಲೂ ಪ್ರತಿಯೊಂದಕ್ಕೂ ನಿಮಗೇ ಫೋನ್ ಬರುತ್ತಿದ್ದರೆ ನೀವು ಜೊತೆಗೆ ಹೋಗುವ ಬದಲು ಅವರ ಪರವಾಗಿ ನೀವೇ ಹೋಗುತ್ತಿದ್ದೀರಿ ಎಂದು ಅರ್ಥ. ನ್ಯಾಯಬೆಲೆ ಅಂಗಡಿಗೆ ಎರಡನೇ ತಿಂಗಳು ಅವರು ಮುಂದೆ, ನೀವು ಸಾಲಿನ ಹಿಂದೆ. ಮೂರನೇ ತಿಂಗಳು ನೀವು ಮನೆಯಲ್ಲಿ. ಮುಂಚೆ ಬಂದ ಕುಟುಂಬವೊಂದು ಹೊಸ ಕುಟುಂಬವನ್ನು ಸಿ.ಜಿ. ಆಸ್ಪತ್ರೆಗೆ ಕರೆದೊಯ್ಯಲು ಒಪ್ಪಿದರೆ ಅವರನ್ನೇ ಬಳಗಕ್ಕೆ ಸೇರಿಸಿಕೊಳ್ಳಿ, ಸಭೆಯಲ್ಲಿ ಕುರ್ಚಿ ಕೊಡಿ.

ಬಂದವರು ಹೊರಡುವುದೂ ಉಂಟು. ಬಿಹಾರದವರು ದೀಪಾವಳಿಯ ಬೆನ್ನಿಗೇ ಬರುವ ಛಠ್ ಹಬ್ಬಕ್ಕೆ ಹೋದರೆ ಕೆಲವರು ವಾಪಸ್ ಬರುವುದಿಲ್ಲ. ಉತ್ತರ ಕರ್ನಾಟಕದವರು ಮಳೆ ಬಿದ್ದ ಸುದ್ದಿ ಬಂದರೆ ರಾತ್ರೋರಾತ್ರಿ ಗಂಟು ಕಟ್ಟುತ್ತಾರೆ. ಹೋಗುವ ಅಂದಾಜು ಸಿಕ್ಕ ಕೂಡಲೇ ಶಾಲೆಯಿಂದ ಟಿಸಿ ಬರೆಸಿಡಿ, ತಾಯಿ ಕಾರ್ಡು, ಲಸಿಕೆ ಕಾರ್ಡು, ಕ್ಷಯದ ಚಿಕಿತ್ಸೆ ಇದ್ದರೆ ಅದರ ಚೀಟಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಡಿ. ಮನೆ ಮಾಲೀಕರಿಂದ ಅಡ್ವಾನ್ಸ್ ವಾಪಸ್, ಮೇಸ್ತ್ರಿಯಿಂದ ಬಾಕಿ ಕೂಲಿ, ಎರಡೂ ಹೊರಡುವ ಮುನ್ನವೇ ಕೈಗೆ ಬರಬೇಕು. ರೈಲು ಹತ್ತಿದ ಮೇಲೆ ಯಾರೂ ಕೊಡುವುದಿಲ್ಲ. ನೋಟ್‌ಬುಕ್ಕು ಅವರ ಬಳಿಯೇ ಇರಲಿ.